ಮಳೆಗಾಲದಲ್ಲಿ ಭ್ರೂಣದ ಟ್ಯಾಂಕ್: ಅಲಾರಂ ಒಂದೇ ಸಾಕೇ?

ತುಂಗಾದಡ:
ಶಿವಮೊಗ್ಗದ ಸಣ್ಣ ಐವಿಎಫ್ ಲ್ಯಾಬ್. 47 ಲೀಟರಿನ ಮೂರು ಟ್ಯಾಂಕ್, ಮೂರರಲ್ಲೂ ವಿಟ್ರಿಫೈ ಮಾಡಿದ (ಹಿಮದ ಹರಳು ಕಟ್ಟದಂತೆ ಥಟ್ಟನೆ ತಣಿಸಿ ಗಾಜಿನಂತೆ ಗಟ್ಟಿಯಾಗಿಸಿದ) ಭ್ರೂಣಗಳಿವೆ. ವಾರಕ್ಕೊಮ್ಮೆ ದ್ರವ ನೈಟ್ರೋಜನ್ ತುಂಬುತ್ತೇವೆ, ತಾಪಮಾನದ ಅಲಾರಂ ಇದೆ. ಜುಲೈ-ಆಗಸ್ಟ್‌ನಲ್ಲಿ ಘಾಟಿ ಬಂದಾದರೆ ಲಾರಿ ತಡ. ಕರೆಂಟ್ ಹೋದರೆ ವೈಫೈ ಇಲ್ಲ. ಇಷ್ಟು ಸಾಕೇ? ವರ್ಷಗಟ್ಟಲೆ ಫೋನೇ ಎತ್ತದ ದಂಪತಿಗಳ ಭ್ರೂಣಗಳನ್ನು ಏನು ಮಾಡಬೇಕು?

ಕ್ರಯೋಸಾಗರ:
ಕರೆಂಟ್ ಹೋದರೆ ಟ್ಯಾಂಕಿಗೇನೂ ಆಗದು. ಅದನ್ನು ಕಾಯುವುದು ಎರಡು ಗೋಡೆಗಳ ನಡುವಿನ ವ್ಯಾಕ್ಯೂಮ್. ಅದು ಪೂರ್ತಿ ಕೈಕೊಟ್ಟರೆ ತಿಂಗಳುಗಟ್ಟಲೆ ಬಾಳಬೇಕಾದ ನೈಟ್ರೋಜನ್ ಗಂಟೆಗಳ ಲೆಕ್ಕದಲ್ಲಿ ಆವಿಯಾಗುತ್ತದೆ. ಆದ್ದರಿಂದ ಮಟ್ಟ ಎಷ್ಟಿದೆ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಇಳಿಯುತ್ತಿದೆ ಎಂದು ನೋಡಿ. ವಾರಕ್ಕೊಮ್ಮೆ ತುಂಬಿಸಿ ಸುಮ್ಮನಿದ್ದರೆ ಈ ಇಳಿತ ಮುಚ್ಚಿಹೋಗುತ್ತದೆ.

ಟ್ಯಾಂಕಿನಡಿ ತೂಕದ ಯಂತ್ರ ಇಡಿ. ಈ ಗಾತ್ರದ ಒಳ್ಳೆಯ ಟ್ಯಾಂಕ್ ಮುಚ್ಚಿಟ್ಟಾಗ ದಿನಕ್ಕೆ ಸುಮಾರು 0.4 ಲೀಟರ್ ಕಳೆದುಕೊಳ್ಳುತ್ತದೆ. ಲೀಟರಿಗೆ 0.8 ಕೆ.ಜಿ.ಯಂತೆ ಅದು 320 ಗ್ರಾಂ. ಮುಚ್ಚಳ ತೆಗೆದ ದಿನ ಹೆಚ್ಚು ಇಳಿಯುವುದು ಸಹಜ. ತೆಗೆಯದೆಯೂ ದುಪ್ಪಟ್ಟಾದರೆ ಅದೇ ದಿನ ಬೇರೆ ಟ್ಯಾಂಕಿಗೆ ಸಾಗಿಸಿ. ಅದಕ್ಕಾಗಿ ನಾಲ್ಕನೆಯದೊಂದು ಸದಾ ತುಂಬಿರಲಿ; ಬೆಚ್ಚಗಿರುವ ಖಾಲಿ ಟ್ಯಾಂಕ್ ತಣಿಯಲಿಕ್ಕೇ ಬೇಕಾದಷ್ಟು ನೈಟ್ರೋಜನ್ ನುಂಗುತ್ತದೆ. ಮಳೆಗಾಲಕ್ಕೆ ಲಾರಿ ಎರಡು ವಾರ ತಪ್ಪಿದರೂ ನಡೆಯುವಂತೆ ದಾಸ್ತಾನು ಇಡಿ.

ಕಡ್ಡಿಯಿಂದ ಅಳೆಯುವವರು ಗಟ್ಟಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಬಳಸಿ. ಟೊಳ್ಳು ಕೊಳವೆ ಇಳಿಸಿದರೆ ಮೇಲಿನ ತುದಿಯಿಂದ ದ್ರವ ಚಿಮ್ಮುತ್ತದೆ.

ಅಲಾರಂನ ಪ್ರೋಬ್, ಅಂದರೆ ತಾಪಮಾನ ಅಳೆಯುವ ತುದಿ, ಎಲ್ಲಿದೆ ನೋಡಿ. ತಳದಲ್ಲಿದ್ದರೆ ಕೊನೆಯ ಹನಿ ಇರುವವರೆಗೂ ಅದು −196 ಡಿಗ್ರಿಯನ್ನೇ ತೋರಿಸುತ್ತದೆ. ಅಷ್ಟರಲ್ಲಿ ಮೇಲಿನ ಸ್ಟ್ರಾಗಳು (ಭ್ರೂಣ ಇಡುವ ಸಣ್ಣ ಕಡ್ಡಿಗಳು) ಬೆಚ್ಚಗಾಗಿರಬಹುದು. −130ರ ಆಸುಪಾಸು ದಾಟಿದರೆ ಗಾಜಿನ ಸ್ಥಿತಿಯೇ ಸಡಿಲಗೊಳ್ಳುತ್ತದೆ. ಪ್ರೋಬನ್ನು ಸ್ಟ್ರಾಗಳಿರುವ ಡಬ್ಬಿಯಾದ ಕ್ಯಾನಿಸ್ಟರಿನ ಮೇಲಂಚಿಗೆ ತಂದು −180ಕ್ಕೆ ಅಲಾರಂ ಕಟ್ಟಿ. ಬ್ಯಾಟರಿ ಇರುವ, ಎರಡು ಬೇರೆ ನೆಟ್‌ವರ್ಕಿನ ಸಿಮ್ ಹಾಕಿದ, ತಾನೇ ಫೋನ್ ಮಾಡುವ ಡಯಲರ್ ಬೇಕು. ತಿಂಗಳಿಗೊಮ್ಮೆ ಪ್ರೋಬ್ ಹೊರತೆಗೆದು ಫೋನ್ ಬರುತ್ತದೆಯೇ ಪರೀಕ್ಷಿಸಿ. 2018ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 4,000ಕ್ಕೂ ಹೆಚ್ಚು ಅಂಡಾಣು, ಭ್ರೂಣಗಳು ನಷ್ಟವಾದಾಗ ದೂರ ಎಚ್ಚರಿಸುವ ಅಲಾರಂ ಆಫ್ ಆಗಿತ್ತು.

ಹೊಸನಗರದವ:
ಮಲೆನಾಡಿನ ತೇವ ಇಲ್ಲಿ ಉಪಕಾರಕ್ಕೇ ಬರುತ್ತದೆ. ವ್ಯಾಕ್ಯೂಮ್ ಸರಿಯಿದ್ದರೆ ಹೊರಮೈ ಕೋಣೆಯಷ್ಟೇ ಬಿಸಿ, ಎಂಥ ಜಡಿಮಳೆಯಲ್ಲೂ ಬೆವರದು. ಸ್ವಲ್ಪ ತಣ್ಣಗಾದರೂ ಈ ಹವೆಯಲ್ಲಿ ಕೂಡಲೇ ನೀರಾಡುತ್ತದೆ. ಬೆವರು ಕಂಡರೆ ಪಕ್ಕದ ಸ್ಟೀಲ್ ಬೀರುವನ್ನೂ ಮುಟ್ಟಿ ನೋಡಿ: ಎರಡೂ ಒದ್ದೆಯಾಗಿದ್ದರೆ ಎಸಿ ನಿಂತ ಮೇಲೆ ಒಳಬಂದ ಹವೆಯ ಕೆಲಸ, ಟ್ಯಾಂಕ್ ಮಾತ್ರ ಒದ್ದೆಯಾಗಿದ್ದರೆ ತೂಕ ನೋಡಿ. ಮಳೆಗೆಂದು ಕಿಟಕಿ ಮುಚ್ಚಿಡುವವರು ಆಕ್ಸಿಜನ್ ಮಾನಿಟರ್ ಹಾಕಲೇಬೇಕು, 19.5 ಶೇಕಡಕ್ಕೆ ಕೂಗುವಂತೆ. ಒಂದು ಲೀಟರ್ ದ್ರವ ಸುಮಾರು 690 ಲೀಟರ್ ಅನಿಲವಾಗುತ್ತದೆ, ವಾಸನೆಯೂ ಇಲ್ಲ.

ಕಡತಪಾಲಕಿ:
ಎರಡನೇ ಪ್ರಶ್ನೆಗೆ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಂತೆ ಭ್ರೂಣ ಇಡಬಹುದಾದ ಗರಿಷ್ಠ ಅವಧಿ 10 ವರ್ಷ. ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಚಿಕಿತ್ಸೆಗೆ ಹೆಂಡತಿಗೆ 50, ಗಂಡನಿಗೆ 55 ವಯಸ್ಸಿನ ಮಿತಿಯೂ ಇದೆ. ಹಲವರಿಗೆ ಅದು 10 ವರ್ಷಕ್ಕಿಂತ ಮೊದಲೇ ಬರುತ್ತದೆ. ಎರಡೂ ದಿನಾಂಕ ಕಡತದ ಮುಖಪುಟದಲ್ಲೇ ಇರಲಿ.

ಬಾಡಿಗೆ ಬಾಕಿ ಎಂದ ಮಾತ್ರಕ್ಕೆ ಅವಧಿಗೆ ಮೊದಲು ಭ್ರೂಣ ಮುಟ್ಟಬೇಡಿ. ಇಬ್ಬರಿಗೂ ಬೇರೆಬೇರೆಯಾಗಿ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪತ್ರ ಹಾಕಿ, ವಾಪಸ್ ಬಂದ ಲಕೋಟೆಯನ್ನೂ ಒಡೆಯದೆ ಕಡತದಲ್ಲಿಡಿ. ಲಕೋಟೆಯ ಮೇಲೆ ಐವಿಎಫ್ ಎಂಬ ಹೆಸರು ಬೇಡ; ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಅಂಚೆಯವರಿಗೆ ಪ್ರತಿ ಮನೆಯೂ ಗೊತ್ತು. ಹೊಸಬರಿಂದ ಮರಣ, ವಿಚ್ಛೇದನ, ಸಂಪರ್ಕ ತಪ್ಪುವುದು, ಮೂರಕ್ಕೂ ಮೊದಲೇ ಇಬ್ಬರ ಸಹಿ ಇರುವ ಬರಹ ಪಡೆಯಿರಿ.

ತುಂಗಾದಡ:
ಒಂದೇ ದಂಪತಿಯ ಸ್ಟ್ರಾಗಳನ್ನು ಎರಡು ಟ್ಯಾಂಕಿಗೆ ಹಂಚುವುದು ಒಳ್ಳೆಯದೇ?

ಕ್ರಯೋಸಾಗರ:
ಹೊಸದಾಗಿ ಇಡುವವನ್ನು ಹಂಚಿ. ಹಳೆಯವನ್ನು ಅದೊಂದಕ್ಕಾಗಿ ಎತ್ತಬೇಡಿ. ತೆರೆದ ಮಾದರಿಯ, ಅಂದರೆ ಭ್ರೂಣ ನೇರವಾಗಿ ನೈಟ್ರೋಜನ್‌ಗೆ ತಾಗುವ, ಸ್ಟ್ರಾ ದ್ರವದಿಂದ ಹೊರಬಂದರೆ ಕ್ಷಣದಲ್ಲಿ ಬೆಚ್ಚಗಾಗುತ್ತದೆ. ಬೇರೆ ಕಾರಣಕ್ಕೆ ಸಾಗಿಸುವಾಗ ನೈಟ್ರೋಜನ್ ತುಂಬಿದ ತೊಟ್ಟಿಯೊಳಗೇ ಬದಲಿಸಿ, ಇಬ್ಬರು ಲೇಬಲ್ ಓದಿ ಸಹಿ ಹಾಕಿ.