ಕೊಳೆತ ಮೀನು ತಿಂದ ನಾಯಿಗೆ ವಾಂತಿ, ಭೇದಿ: ಮನೆಯಲ್ಲಿ ಏನು ಮಾಡಬಹುದು?

ಬೈತಖೋಲ, ಕಾರವಾರ:
ನಮ್ಮ ಕಾಳು ಮೂರು ವರ್ಷದ ಊರ ನಾಯಿ. ನಿನ್ನೆ ಸಂಜೆ ದಂಡೆಯಲ್ಲಿ ಬಲೆ ಕೊಡವಿದ ಜಾಗಕ್ಕೆ ನುಗ್ಗಿ, ಕೊಳೆತ ಮೀನು ತಿಂದಿದ್ದಾನೆ. ರಾತ್ರಿ ವಾಂತಿ, ಬೆಳಿಗ್ಗೆಯಿಂದ ನೀರಿನಂಥ ಭೇದಿ. ಕರೆದರೆ ಎದ್ದು ಬರುತ್ತಾನೆ, ನೀರು ಕುಡಿಯುತ್ತಾನೆ. ನಾವು ನುಂಗುವ ಭೇದಿ ಮಾತ್ರೆಯಲ್ಲಿ ಅರ್ಧ ಕೊಡಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಕೊಡಬಹುದೇ? ಇಂದು ಭಾನುವಾರ ಬೇರೆ.

ಶಿರಸಿ:
ತಿಂದದ್ದು ಮೀನೇ ಎಂದು ಖಚಿತವೇ? ನಮ್ಮ ಅಡಿಕೆ ತೋಟಗಳಲ್ಲಿ ಮಳೆಗಾಲಕ್ಕೆ ಬಸವನಹುಳು ಸಾಯಲೆಂದು ಮೆಟಾಲ್ಡಿಹೈಡ್ ಗುಳಿಗೆ ಹಾಕುತ್ತಾರೆ. ನಾಯಿಗಳು ಅದನ್ನು ಇಷ್ಟಪಟ್ಟು ತಿನ್ನುತ್ತವೆ. ಮೈ ನಡುಗತೊಡಗಿದರೆ ಮನೆಮದ್ದಿನ ಮಾತೇ ಬೇಡ.

ಕುಮಟಾ (ನಿವೃತ್ತ ಪಶುವೈದ್ಯ):
ಆ ಮಾತ್ರೆ ಕೊಡಲೇಬೇಡಿ. ಕರುಳು ಹೊರಗೆ ತಳ್ಳುತ್ತಿರುವ ಕೊಳಕನ್ನು ಅದು ಒಳಗೇ ತಡೆದಿಡಬಹುದು. ಹೊಟ್ಟೆನೋವಿಗೆಂದು ಐಬುಪ್ರೊಫೆನ್, ಪ್ಯಾರಸಿಟಮಾಲ್ ಕೂಡ ಬೇಡ. ಮೊದಲನೆಯದು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ, ಎರಡನೆಯದು ಯಕೃತ್ತನ್ನು. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವುದಂತೂ ಇನ್ನೂ ಅಪಾಯ. ರಕ್ತದಲ್ಲಿ ಸೋಡಿಯಂ ಏರಿ ಪ್ರಾಣವೇ ಹೋಗಬಹುದು.

ನೀರನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಇಡಿ. ಒಂದೇ ಸಲ ಬಟ್ಟಲು ತುಂಬಿಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತಾನೆ. ವಾಂತಿ ನಿಂತ ಮೇಲೆ ಬಿಳಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಚರ್ಮ ತೆಗೆದು ಬೇಯಿಸಿದ ಕೋಳಿಯನ್ನು ಎಲುಬಿಲ್ಲದಂತೆ ಬಿಡಿಸಿ ಕಲಸಿ, ಒಂದು ಹಿಡಿಯಷ್ಟೇ ಕೊಡಿ. ಉಪ್ಪು, ಎಣ್ಣೆ, ಬೆಳ್ಳುಳ್ಳಿ, ಈರುಳ್ಳಿ ಯಾವುದೂ ಬೇಡ. ಹಾಲು ಭೇದಿಯನ್ನು ಹೆಚ್ಚಿಸುತ್ತದೆ.

ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಮರಳಬೇಕು. ತಡವಾದರೆ, ಒಸಡು ಅಂಟಂಟಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ ಭಾನುವಾರವೆಂದು ಕಾಯಬೇಡಿ; ವೈದ್ಯರಿಗೆ ಕರೆ ಮಾಡಿ. ಮರಿಯಾಗಿದ್ದರೆ ಮನೆಯಲ್ಲಿ ಇಷ್ಟು ಹೊತ್ತು ಇಟ್ಟುಕೊಳ್ಳಲೂ ನಾನು ಒಪ್ಪುತ್ತಿರಲಿಲ್ಲ. ಅದು ಪಾರ್ವೊ, ಅಂದರೆ ಮರಿಗಳ ಪ್ರಾಣ ತೆಗೆಯಬಲ್ಲ ವೈರಸ್ ಭೇದಿ, ಇರಬಹುದು.

ನನ್ನನ್ನು ಕಾಡುತ್ತಿರುವುದು ಬೇರೆ ಎರಡು ಸಂಗತಿ. ಬಲೆಯ ಕಸದಲ್ಲಿ ಹೊಟ್ಟೆ ಊದಿದ, ಚೆಂಡಿನಂಥ ಮೀನು ಇತ್ತೇ? ಅದರ ವಿಷ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಪ್ರತಿವಿಷವಿಲ್ಲ, ಉಸಿರಾಟಕ್ಕೆ ಆಸರೆ ಕೊಡುವುದೊಂದೇ ದಾರಿ. ಇನ್ನೊಂದು, ಗಾಳ. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಇಣುಕಿದರೆ ಎಳೆಯಬೇಡಿ, ಕರುಳು ಕೊಯ್ದುಹೋಗುತ್ತದೆ.

ಬೈತಖೋಲ, ಕಾರವಾರ:
ದಂಡೆಗೆ ಹೋಗಿ ನೋಡಿ ಬಂದೆ ಸರ್. ಬಂಗಡೆ ತಲೆಗಳು ಮಾತ್ರ ಇದ್ದವು. ದಾರ ಎಲ್ಲೂ ಕಾಣಲಿಲ್ಲ, ಒಸಡು ಗುಲಾಬಿಯಾಗಿದೆ. ಮಾತ್ರೆ ಕೊಡುವುದಿಲ್ಲ.

ಕುಮಟಾ (ನಿವೃತ್ತ ಪಶುವೈದ್ಯ):
ಒಳ್ಳೆಯದು. ಆದರೂ ಹಿಂಗಾಲು ತೂರಾಡುತ್ತದೆಯೇ ಎಂದು ಗಮನಿಸುತ್ತಿರಿ. ನಾಳೆಯೂ ಭೇದಿ ನಿಲ್ಲದಿದ್ದರೆ ಮಲದ ಮಾದರಿಯೊಂದಿಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಜಂತುಹುಳದ ಔಷಧಿ ಕೊನೆಯದಾಗಿ ಯಾವಾಗ ಹಾಕಿಸಿದಿರೆಂದು ತಿಳಿಸಿ.