ಸಹಾಯ ಬೇಕು: ಅಕ್ವಾಟಿಂಟ್ ಆಕಾಶದಲ್ಲಿ ಸಣ್ಣ ನಕ್ಷತ್ರಗಳು ಉಳಿಯುತ್ತಿಲ್ಲ
ತಾಮ್ರದ ತಗಡಿನ ಮೇಲೆ ಅಕ್ವಾಟಿಂಟ್‌ನಲ್ಲಿ ರಾತ್ರಿ ಆಕಾಶ ಮಾಡುತ್ತಿದ್ದೇನೆ (ತಗಡನ್ನು ದ್ರಾವಣದಿಂದ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಮುದ್ರಿಸುವ ವಿಧಾನ ಇದು). ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿದೆ. ನಕ್ಷತ್ರಗಳ ಜಾಗಕ್ಕೆ ಸೂಜಿ ಮೊನೆಯಿಂದ ರಕ್ಷಣೆಗೆ ವಾರ್ನಿಶ್ ಚುಕ್ಕೆ ಇಟ್ಟು, ತಾಮ್ರ ತಿನ್ನುವ ದ್ರಾವಣವಾದ ಫೆರಿಕ್ ಕ್ಲೋರೈಡ್‌ನಲ್ಲಿ ಮುಳುಗಿಸಿದೆ. ಮುದ್ರಿಸಿದಾಗ ಕಪ್ಪು ಚೆನ್ನಾಗೇ ಬಂತು, ಮಖಮಲ್ಲಿನ ಹಾಗೆ. ಆದರೆ ದೊಡ್ಡ ಚುಕ್ಕೆಗಳಷ್ಟೇ ಬೆಳ್ಳಗೆ ಉಳಿದವು, ಸಣ್ಣವು ಅರ್ಧಕ್ಕರ್ಧ ಮಾಯ!

ದ್ರಾವಣ ವಾರ್ನಿಶ್ ಅಡಿಗೆ ನುಗ್ಗಿ ತಿಂದಿರಬೇಕು, ಅಲ್ವಾ? ಅಥವಾ ತಗಡಿನ ಮೇಲಿನ ಹೆಚ್ಚಿನ ಶಾಯಿ ಒರೆಸುವಾಗ ಬಟ್ಟೆಯೇ ಅದನ್ನು ಚುಕ್ಕೆ ಮೇಲೆ ಎಳೆಯುತ್ತಿದೆಯಾ?

ತಗಡು ನಯ ಮಾಡುವ ಉಪಕರಣವಾದ ಬರ್ನಿಶರ್‌ನಿಂದ ಉಜ್ಜಿಯೂ ನೋಡಿದೆ. ನಕ್ಷತ್ರದ ಬದಲು ಬೂದು ಮಸುಕು ಬಂತು. ಕ್ಷೀರಪಥಕ್ಕೆ ಅದೇ ಸರಿ ಅಂತ ಒಂದು ಕಡೆ ಹಾಗೇ ಬಿಟ್ಟೆ. ಚೂಪಾದ ಬಿಳಿ ಚುಕ್ಕೆಗೆ ಏನು ಮಾಡಲಿ? ಇನ್ನೊಂದು ಮುದ್ರಣ ವಿಧಾನವಾದ ಮೆಜ್ಜೋಟಿಂಟ್‌ಗೆ ಹೋಗಿ ಅನ್ನಬೇಡಿ, ದಿನಗಟ್ಟಲೆ ರಾಕರ್ (ತಗಡನ್ನೆಲ್ಲ ಒರಟು ಮಾಡುವ ಹಲ್ಲಿನ ಉಪಕರಣ) ಆಡಿಸುವ ತಾಳ್ಮೆ ನನಗಿಲ್ಲ. ಮುದ್ರಿಸಿದ ಮೇಲೆ ಸುಮ್ನೆ ಬಿಳಿ ಬಣ್ಣ ಹಚ್ಚೋಕೂ ಮನಸ್ಸಿಲ್ಲ.