ಮೈನಸ್ 32ರಲ್ಲಿ ಹಿತ್ತಲ ಕೋಳಿ: ಹೀಟ್ ಲ್ಯಾಂಪ್ ಬೇಕಾ, ಗೂಡು ಮುಚ್ಚಬೇಕಾ?

ಕೆನಡಾದ ಕ್ಯಾಲ್ಗರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ನಾಲ್ಕು ಹೇಟೆ ಇವೆ: ಎರಡು ಪ್ಲಿಮತ್ ರಾಕ್, ಒಂದು ಐಸಾ ಬ್ರೌನ್, ಒಂದು ಬಿಳಿ ಲೆಗ್‌ಹಾರ್ನ್. ಮರದ ಗೂಡು, 4 ಅಡಿ ಅಗಲ, 6 ಅಡಿ ಉದ್ದ, 5 ಅಡಿ ಎತ್ತರ. ಮುಂದಿನ ವಾರ ಮೈನಸ್ 32 ಅಂತಿದ್ದಾರೆ. ಸಂದುಗೊಂದಿಗೆಲ್ಲ ಟೇಪ್ ಹಚ್ಚಿದ್ದಾಯ್ತು, ಆದರೂ ಬೆಳಿಗ್ಗೆ ಒಳಗೋಡೆ ಒದ್ದೆ, ಲೆಗ್‌ಹಾರ್ನ್ ಜುಟ್ಟಿನ ತುದಿ ಬೂದು ಬಣ್ಣಕ್ಕೆ ತಿರುಗಿದೆ. ನೀರು ಎರಡು ಗಂಟೆಯಲ್ಲಿ ಕಲ್ಲಾಗುತ್ತೆ. ಮೊಟ್ಟೆ ದಿನಕ್ಕೊಂದು ಬಂದರೆ ಹೆಚ್ಚು. ಹೀಟ್ ಲ್ಯಾಂಪ್ ಹಾಕಲೇಬೇಕಾ?

ಎಡ್ಮಂಟನ್‌ನಿಂದ

ಲ್ಯಾಂಪಿನ ಮಾತು ಆಮೇಲೆ. ಮೊದಲು ಆ ಟೇಪ್ ಕಿತ್ತು ಹಾಕಿ, ಆದರೆ ಮೇಲ್ಭಾಗದ್ದು ಮಾತ್ರ. ಕೋಳಿಯ ಮೈ ಸುಮಾರು 41 ಡಿಗ್ರಿ ಬಿಸಿ. ಪುಕ್ಕ ಉಬ್ಬಿಸಿಕೊಂಡು ಕೂತರೆ ಒಣ ಚಳಿಯನ್ನು ಚೆನ್ನಾಗಿಯೇ ತಡೆಯುತ್ತೆ. ತಡೆಯಲಾಗದ್ದು ತೇವ. ಹಿಕ್ಕೆಯ ಮುಕ್ಕಾಲು ಪಾಲು ನೀರೇ, ಉಸಿರಿನ ಆವಿ ಬೇರೆ. ಮುಚ್ಚಿದ ಗೂಡಿನಲ್ಲಿ ಅದೆಲ್ಲ ಮೇಲೇರಿ, ತಣ್ಣಗಿನ ಚಾವಣಿಗೆ ತಾಗಿ, ನೀರಾಗಿ ಜುಟ್ಟಿನ ಮೇಲೆ ಕೂರುತ್ತೆ. ಫ್ರಾಸ್ಟ್‌ಬೈಟ್ (ಚಳಿಗೆ ಮೈಯ ತುದಿಗಳು ಹೆಪ್ಪುಗಟ್ಟಿ ಹಾಳಾಗುವುದು) ಶುರುವಾಗುವುದು ಅಲ್ಲೇ. ಊರಲ್ಲಿ ಮುಂಗುಸಿ, ಕಾಡುಬೆಕ್ಕಿನ ಭಯಕ್ಕೆ ರಾತ್ರಿ ಗೂಡು ಭದ್ರವಾಗಿ ಮುಚ್ಚುವ ಅಭ್ಯಾಸ ನಮ್ಮದು. ಇಲ್ಲಿ ಕಾಡುಪ್ರಾಣಿಗೆ ಮುಚ್ಚಬೇಕು, ಗಾಳಿಗೆ ಮುಚ್ಚಬಾರದು.

ನಾಲ್ಕು ಕೋಳಿಗೆ, ಸೂರಿನ ಕೆಳಗೆ ಎದುರುಬದುರು ಗೋಡೆಯಲ್ಲಿ 4 ಇಂಚು ಎತ್ತರ, 24 ಇಂಚು ಉದ್ದದ ಒಂದೊಂದು ಕಿಂಡಿ ಚಳಿಗಾಲಕ್ಕೆ ಸಾಕು. ಅರ್ಧ ಇಂಚಿನ ಗಟ್ಟಿ ವೆಲ್ಡೆಡ್ ಮೆಶ್ ಹೊಡೆಯಿರಿ. ತೆಳು ಕೋಳಿಜಾಲರಿ ಬೇಡ, ವೀಸಲ್ (ಮುಂಗುಸಿಯಂಥ ಸಣ್ಣ ಬೇಟೆಪ್ರಾಣಿ) ಒಂದಿಂಚು ಸಂದಿ ಸಿಕ್ಕರೂ ನುಗ್ಗುತ್ತೆ. ಕೋಳಿ ಕೂರುವ ಅಡ್ಡಮರ ಕಿಂಡಿಗಿಂತ ಕನಿಷ್ಠ ಒಂದಡಿ ಕೆಳಗಿರಲಿ, ಕೂತ ಕೋಳಿಯ ತಲೆಗೆ ಗಾಳಿ ಬಡಿಯಬಾರದು. ಪರೀಕ್ಷೆ ಸುಲಭ: ತೆಳು ಟಿಶ್ಯೂ ಪಟ್ಟಿಯೊಂದನ್ನು ಅಡ್ಡಮರದ ಮೇಲೆ, ಕೋಳಿಯ ತಲೆಯ ಎತ್ತರದಲ್ಲಿ ಇಳಿಬಿಡಿ. ಅದು ಅಲುಗಾಡಿದರೆ ಕೆಳಗೆಲ್ಲೋ ಸಂದಿ ಇದೆ, ಅದನ್ನು ಮುಚ್ಚಿ. ಬೆಳಿಗ್ಗೆ ಚಾವಣಿಯಲ್ಲಿ ಒಳಕ್ಕೆ ಇಣುಕುವ ಮೊಳೆಯ ತುದಿಗಳನ್ನು ನೋಡಿ. ಒಂದೊಂದರ ಮೇಲೂ ಬಿಳಿ ಹಿಮ ಗುಂಡಿಯ ಹಾಗೆ ಕಟ್ಟಿದ್ದರೆ ಕಿಂಡಿ ಇನ್ನೂ ಸಾಲದು. ಬಗ್ಗಿ ಕೋಳಿಯ ಎತ್ತರಕ್ಕೆ ಮೂಗು ತಂದಾಗ ಅಮೋನಿಯ ಘಾಟು ಹತ್ತಿದರೂ ಅದೇ ಅರ್ಥ.

ಅಡ್ಡಮರಕ್ಕೆ ದುಂಡು ಕೋಲು ಬೇಡ. ಟೂ ಬೈ ಫೋರ್ (ಸುಮಾರು 2 ಇಂಚು ದಪ್ಪ, 4 ಇಂಚು ಅಗಲದ) ಮರದ ಅಗಲ ಬದಿ ಮೇಲೆ ಬರುವಂತೆ ಕೂರಿಸಿ. ಆಗ ಪಾದ ಚಪ್ಪಟೆಯಾಗಿ ನಿಂತು, ಬೆರಳುಗಳೆಲ್ಲ ಹೊಟ್ಟೆಯ ಪುಕ್ಕದ ಕೆಳಗೆ ಮುಚ್ಚಿಹೋಗುತ್ತವೆ. ಕೋಳಿಯೊಂದಕ್ಕೆ 10 ಇಂಚು ಜಾಗ.

ಸಾಸ್ಕಟೂನ್ ಹತ್ತಿರದ ಹಳ್ಳಿಯಿಂದ

ಮೇಲಿನದಕ್ಕೆ ಒಂದು ಸೇರಿಕೆ. ಅಡ್ಡಮರದ ಕೆಳಗೆ ಹಲಗೆ ಹಾಕಿ, ರಾತ್ರಿ ಬಿದ್ದ ಹಿಕ್ಕೆಯನ್ನು ಪ್ರತಿ ಬೆಳಿಗ್ಗೆ ಕೆರೆದು ಹೊರಹಾಕಿ. ಮೈನಸ್ 20ರಲ್ಲಿ ಅದು ಕಲ್ಲಿನಂತೆ ಹೆಪ್ಪುಗಟ್ಟಿರುತ್ತೆ, ಪೇಂಟ್ ಕೆರೆಯುವ ಸಲಾಕೆಯಲ್ಲಿ ಎರಡು ನಿಮಿಷದ ಕೆಲಸ. ಗೂಡಿನ ತೇವ ಇಷ್ಟರಿಂದಲೇ ಎಷ್ಟೋ ಇಳಿಯುತ್ತೆ. ನೆಲಕ್ಕೆ ಪೈನ್ ಮರದ ಹೆರೆ 6 ಇಂಚು ಹಾಕಿ ಶುರು ಮಾಡಿ, ಒದ್ದೆಯಾದ ಜಾಗ ತೆಗೆಯುತ್ತ, ಮೇಲೆ ಹೊಸದು ಸೇರಿಸುತ್ತ ಹೋಗಿ. ಬರೀ ಹುಲ್ಲು ಹಾಸಿದರೆ ತೇವ ಹೀರದೆ ಅಡಿಯಲ್ಲಿ ಮುದ್ದೆಯಾಗುತ್ತೆ. ಹುಲ್ಲಿನ ಪಿಂಡಿಗಳನ್ನು ಗೂಡಿನ ಹೊರಗೆ, ಗಾಳಿ ಬರುವ ಕಡೆ ಜೋಡಿಸಿ.

ನೀರಿಗೆ 60 ವ್ಯಾಟಿನ, ನಾಯಿಗೆಂದು ಮಾರುವ ಹೀಟೆಡ್ ಬೌಲ್ ಸಾಕು. ಇಡೀ ದಿನ ಉರಿದರೂ ಒಂದೂವರೆ ಯೂನಿಟ್ ಒಳಗೇ. ಗೂಡಿನೊಳಗೆ ಇಡಬೇಡಿ, ಬೆಚ್ಚಗಿನ ನೀರಿನ ಆವಿಯೇ ಮತ್ತೆ ಜುಟ್ಟಿಗೆ ಕೂರುತ್ತೆ. ಚಾವಣಿ ಇರುವ ರನ್‌ನಲ್ಲಿ (ಗೂಡಿಗೆ ಸೇರಿದ, ಕೋಳಿ ಓಡಾಡುವ ಜಾಲರಿ ಅಂಗಳ) ಇಡಿ, ರಾತ್ರಿ ಕೋಳಿ ನೀರು ಕುಡಿಯುವುದಿಲ್ಲ. ಬಾಯಿ ಅಗಲವಾಗಿದ್ದರೆ ಗಲ್ಲದ ಕೆಳಗಿನ ಜೋಲು ತೊಗಲು ಅದ್ದಿ ಹೆಪ್ಪುಗಟ್ಟುತ್ತೆ. ಮಧ್ಯೆ ತಲೆಕೆಳಗಾದ ಡಬ್ಬವೊಂದನ್ನು ಇಟ್ಟು, ಸುತ್ತ ಕೊಕ್ಕು ಹೋಗುವಷ್ಟೇ ಜಾಗ ಬಿಡಿ. ನಿಪ್ಪಲ್ (ಕೊಕ್ಕು ತಾಗಿದರೆ ನೀರು ಹನಿಸುವ ತೂತು) ಇರುವ ಬಕೆಟ್ ಸಾಧಾರಣ ಚಳಿಗೆ ಒಳ್ಳೆಯದು. ಮೈನಸ್ 30ರಲ್ಲಿ ಬಕೆಟ್ ನೀರು ಬೆಚ್ಚಗಿದ್ದರೂ ನಿಪ್ಪಲ್ಲಿನ ತುದಿ ಕಟ್ಟಿಕೊಳ್ಳುತ್ತೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ವೈರು ಹೊರಾಂಗಣದ್ದೇ ಇರಲಿ, ಪ್ಲಗ್ ಜಿಎಫ್‌ಸಿಐ (ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ) ಸಾಕೆಟ್ಟಿಗೇ ಹಾಕಿ.

ತಿನ್ನುವುದು ಹೆಚ್ಚುತ್ತೆ: ಕೋಳಿಗೆ ದಿನಕ್ಕೆ 110-120 ಗ್ರಾಂ ಇದ್ದದ್ದು 150ರವರೆಗೂ ಹೋಗಬಹುದು. 16 ಪರ್ಸೆಂಟ್ ಪ್ರೋಟೀನಿನ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಆಹಾರ) ಸದಾ ಇರಲಿ. ಕತ್ತಲಾಗುವ ಮುಂಚೆ ನುಚ್ಚು ಮೆಕ್ಕೆಜೋಳ, ಕೋಳಿಗೊಂದು ದೊಡ್ಡ ಚಮಚ, ಅದಕ್ಕಿಂತ ಹೆಚ್ಚು ಬೇಡ. ಮೆಕ್ಕೆಜೋಳದಲ್ಲೇ ಹೊಟ್ಟೆ ತುಂಬಿದರೆ ಪ್ರೋಟೀನ್ ಕಡಿಮೆಯಾಗಿ, ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನಲು ಶುರು ಮಾಡುತ್ತವೆ. ನೆಲವೆಲ್ಲ ಹಿಮ, ಕಾಳು ಅರೆಯಲು ಬೇಕಾದ ಸಣ್ಣ ಕಲ್ಲು ಸಿಗುವುದಿಲ್ಲ, ಗ್ರಿಟ್ ಬೇರೆ ಬಟ್ಟಲಲ್ಲಿಡಿ.

ವಿನಿಪೆಗ್ ಆಚೆಯ ಹಳ್ಳಿಯಿಂದ

ಹೀಟ್ ಲ್ಯಾಂಪ್: ಬೇಡ, ದಯವಿಟ್ಟು ಬೇಡ. 250 ವ್ಯಾಟಿನ ಬಲ್ಬು, ಒಣ ಹೆರೆ, ಗೂಡು ತುಂಬ ಪುಕ್ಕದ ಧೂಳು. ಕೋಳಿ ಒಮ್ಮೆ ಹಾರಿ ಬಡಿದು ಕ್ಲಿಪ್ ಕಳಚಿದರೆ ಗೂಡು ಉಳಿಯುವುದಿಲ್ಲ, ಪಕ್ಕದ ಬೇಲಿ, ಗ್ಯಾರೇಜಿಗೂ ಬೆಂಕಿ ಹತ್ತುತ್ತೆ.

ಆದರೆ ಶಾಖವೇ ಬೇಡ ಅನ್ನುವವರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಾಲ್ಕೇ ಕೋಳಿಯ ಮೈಶಾಖ 24 ಚದರಡಿ ಗೂಡಿಗೆ ಸಾಲದು, ಜೊತೆಗೆ ಲೆಗ್‌ಹಾರ್ನಿನದು ದೊಡ್ಡ ಜುಟ್ಟು. ಮೈನಸ್ 30 ದಾಟುವ ರಾತ್ರಿಗಳಿಗೆ 200 ವ್ಯಾಟಿನ ಚಪ್ಪಟೆ ರೇಡಿಯಂಟ್ ಪ್ಯಾನೆಲ್ಲನ್ನು (ಬಲ್ಬಿಲ್ಲದೆ ಶಾಖ ಸೂಸುವ ಹಲಗೆ) ಅಡ್ಡಮರದ ಪಕ್ಕದ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿ. ಥರ್ಮೋಸ್ಟಾಟ್ ಗುರಿ ಮೈನಸ್ 12 ಆಸುಪಾಸು ಇರಲಿ, ಪ್ಲಸ್ 10 ಅಲ್ಲ. ಗೂಡು ಮನೆಯಷ್ಟು ಬೆಚ್ಚಗಿದ್ದರೆ ಚಳಿಗೆ ಬೇಕಾದ ಪುಕ್ಕ ದಟ್ಟವಾಗುವುದಿಲ್ಲ, ಮೈ ಒಗ್ಗುವುದಿಲ್ಲ. ಹಾಗಿರುವಾಗ ನಡುರಾತ್ರಿ ಕರೆಂಟು ಹೋದರೆ ಒಂದೇ ಏಟಿಗೆ ನಲವತ್ತು ಡಿಗ್ರಿ ಇಳಿತ.

ಗೋಡೆಗೆ ಫೋಮ್ ಹಾಕುವುದಿದ್ದರೆ ಮೇಲೆ ಪ್ಲೈವುಡ್ ಹೊಡೆಯಲೇಬೇಕು. ಕೋಳಿಗಳು ಫೋಮನ್ನು ಕುಕ್ಕಿ ತಿಂದುಬಿಡುತ್ತವೆ.

ಮಾಂಟ್ರಿಯಲ್‌ನಿಂದ

ಲೆಗ್‌ಹಾರ್ನ್ ಜುಟ್ಟಿನ ಬಗ್ಗೆ. ಬೂದು ಅಥವಾ ಬಿಳಿಚಿದ ಬಣ್ಣ ಮೊದಲ ಹಂತ, ಆಮೇಲೆ ಊತ, ಆಮೇಲೆ ಕಪ್ಪು. ಉಜ್ಜಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. 5ರಿಂದ 10 ಡಿಗ್ರಿ ಇರುವ ಗ್ಯಾರೇಜಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಾನಾಗಿ ಬೆಚ್ಚಗಾಗಲು ಬಿಡಿ. ಚಳಿಯ ಅಲೆ ಮುಗಿಯುವ ತನಕ ಹೊರಗೆ ಬಿಡಬೇಡಿ: ಕರಗಿದ ಜಾಗ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಮೊದಲಿಗಿಂತ ದೊಡ್ಡದು. ಕಪ್ಪಾದ ತುದಿ ಕತ್ತರಿಸಬೇಡಿ, ಕೆಳಗಿನ ಜೀವಂತ ಭಾಗಕ್ಕೆ ಅದೇ ಹೊದಿಕೆ. ಕೆಲ ವಾರಗಳಲ್ಲಿ ತಾನೇ ಉದುರುತ್ತೆ. ಕೀವು, ವಾಸನೆ ಕಂಡರೆ ಪಶುವೈದ್ಯರಿಗೆ ತೋರಿಸಿ. ವ್ಯಾಸಲೀನ್ ಹಚ್ಚುವುದರಿಂದ ಮೇಲಿಂದ ಬೀಳುವ ತೇವಕ್ಕೆ ಸ್ವಲ್ಪ ತಡೆ ಆದೀತು, ಒದ್ದೆ ಗೂಡಿಗೆ ಅದು ಪರಿಹಾರವಲ್ಲ.

ಮುಂದೆ ಹೊಸ ಕೋಳಿ ತರುವಾಗ ಶಾಂಟೆಕ್ಲೇರ್ ಹುಡುಕಿ. ಕ್ವಿಬೆಕ್‌ನ ಓಕಾ ಮಠದಲ್ಲಿ ಬ್ರದರ್ ವಿಲ್ಫ್ರಿಡ್ ಶಾಟಲೇನ್ 1908ರಿಂದ ಹತ್ತು ವರ್ಷ ಕೂತು ಇದೇ ಚಳಿಗೆಂದು ಬೆಳೆಸಿದ ತಳಿ. ಜುಟ್ಟು ಒಂದು ಸಣ್ಣ ಗುಬುಟು, ಗಲ್ಲದ ಜೋಲು ಇಲ್ಲವೆನ್ನುವಷ್ಟು ಚಿಕ್ಕದು, ಹೆಪ್ಪುಗಟ್ಟಲು ಹೆಚ್ಚೇನೂ ಇಲ್ಲ.

ಕ್ಯಾಲ್ಗರಿಯಿಂದಲೇ ಇನ್ನೊಬ್ಬರು

ನಮ್ಮೂರಿನ ವಿಶೇಷ ತೊಂದರೆ ಯಾರೂ ಹೇಳಲಿಲ್ಲ: ಚಿನೂಕ್ ಗಾಳಿ, ಪಶ್ಚಿಮದ ಬೆಟ್ಟಗಳಿಂದ ಇಳಿದು ಬರುವ ಬೆಚ್ಚನೆ ಗಾಳಿ. ಮೈನಸ್ 20 ಇದ್ದದ್ದು ಒಂದೇ ದಿನದಲ್ಲಿ ಪ್ಲಸ್ 5 ಆಗುತ್ತೆ. ರನ್ನಿನ ಹಿಮ ಕರಗಿ, ಕೋಳಿಗಳು ಒದ್ದೆ ಕಾಲಲ್ಲಿ ಗೂಡು ಹೊಕ್ಕು, ಹೆಪ್ಪುಗಟ್ಟಿದ್ದ ಹಿಕ್ಕೆಯೂ ಕರಗಿ ಹಾಸು ಒದ್ದೆ. ಮರುದಿನ ಮತ್ತೆ ಚಳಿ. ಚಿನೂಕ್ ಬಂದ ದಿನ ಗೂಡಿನ ಬಾಗಿಲು ತೆರೆದಿಟ್ಟು, ಒದ್ದೆ ಹೆರೆ ತೆಗೆದು, ಸಂಜೆಯೊಳಗೆ ಒಣ ಹೆರೆ ಹಾಕಿಬಿಡಿ. ರನ್ನಿನ ಮೂರು ಬದಿಗೆ 6 ಮಿಲ್ (ಸುಮಾರು 0.15 ಮಿ.ಮೀ.) ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಮೇಲೆ ಒಂದಡಿ ತೆರೆದು ಬಿಡಿ.

ಮೊಟ್ಟೆಗೆ ಕಾರಣ ಚಳಿಗಿಂತ ಬೆಳಕು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಹಗಲು 8 ಗಂಟೆಯೂ ಇಲ್ಲ, ಹೇಟೆಗೆ ಬೇಕಾದ್ದು 14 ಗಂಟೆ. ಸಣ್ಣ ಎಲ್‌ಇಡಿ ಬಲ್ಬನ್ನು ಟೈಮರ್‌ಗೆ ಹಾಕಿ, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ. ಬೆಳಗಿನ ಜಾವಕ್ಕೇ ಸೇರಿಸಿ. ಸಂಜೆ ಹಾಕಿದರೆ ದೀಪ ಆರಿದ ಕ್ಷಣ ಕೋಳಿಗಳು ಕತ್ತಲಲ್ಲಿ ನೆಲದ ಮೇಲೇ ಉಳಿಯುತ್ತವೆ. ಪುಕ್ಕ ಉದುರಿಸುತ್ತಿರುವ ಕೋಳಿ ಇದ್ದರೆ ಹೊಸ ಪುಕ್ಕ ಬರುವವರೆಗೆ ದೀಪ ಬೇಡ. ಇಟ್ಟ ಮೊಟ್ಟೆಯನ್ನು ಮುಂದಿನ ವಾರ ಬೇಗಬೇಗ ಎತ್ತಿ, ಗಂಟೆಗಟ್ಟಲೆ ಬಿಟ್ಟರೆ ಒಳಗೆ ಹೆಪ್ಪುಗಟ್ಟಿ ಉದ್ದಕ್ಕೆ ಸೀಳುತ್ತೆ. ಸೀಳಿದ್ದನ್ನು ಅಡುಗೆಗೆ ಬಳಸಬೇಡಿ.